ಮುಖಪುಟದ ಹುಡುಗಿ

ಮಗಳ ಎರಡನೇ ಜಡೆಗೆ ರಿಬ್ಬನ್ ಕಟ್ಟುತ್ತಿದ್ದ ತಾಯಿಯ ಮುಂದೆ ಅತ್ತೆ ಪೌಡರ್ ಡಬ್ಬಿ ಕುಕ್ಕಿದರು. "ಇವತ್ತು ಶಾಲೇಲಿ ಫೋಟೋ ಅಂತಲ್ಲ. ಚೆನ್ನಾಗಿ ಹಚ್ಚಮ್ಮ, ಇಲ್ಲಾಂದ್ರೆ ಇವಳ ಹಲ್ಲು ಮಾತ್ರ ಕಾಣುತ್ತೆ."

ಹುಡುಗಿ ತಲೆ ಎತ್ತಲಿಲ್ಲ. ಅವಳ ಮಡಿಲಲ್ಲಿ ಚಿತ್ರದ ಪುಸ್ತಕವಿತ್ತು. ಹೋದ ವಾರ ಗ್ರಂಥಾಲಯದ ಮೇಡಂ ಕಪ್ಪು ಜನಾಂಗದ ಲೇಖಕರ ಪುಸ್ತಕಗಳನ್ನೇ ಆರಿಸಿ ಕೊಟ್ಟಿದ್ದರು: ಇವಳಿಗೆ ಇದು, ಇವಳ ಅಣ್ಣನಿಗೆ ಪತ್ತೇದಾರಿ ಕಥೆ, ತಾಯಿಗೆ ದಪ್ಪನೆಯದೊಂದು ಕಾದಂಬರಿ. ಒಲೆಯ ಮುಂದೆ ನಿಂತೇ ಅದನ್ನು ಓದಿ ತಾಯಿ ಕಣ್ಣೊರೆಸಿಕೊಂಡಿದ್ದಳು. ಮಗಳ ಪುಸ್ತಕದ ಮುಖಪುಟದಲ್ಲಿ ನಗುವ ಕಡುಗಪ್ಪು ಹುಡುಗಿಯನ್ನು ಸವರಿ, "ಎಷ್ಟು ಲಕ್ಷಣವಾಗಿದ್ದಾಳೆ ನೋಡು ಪುಟ್ಟಿ" ಎಂದು ದಿನಾ ಅನ್ನುತ್ತಿದ್ದವಳೂ ಅವಳೇ.

ಅತ್ತೆ ಕದಲಲಿಲ್ಲ. ಬೆಳಗ್ಗೆ ಬೆಳಗ್ಗೆ ಯಾಕೆ ರಾದ್ಧಾಂತ ಎಂದುಕೊಂಡು ತಾಯಿ ಡಬ್ಬಿ ತೆರೆದಳು. ಹಣೆ, ಕೆನ್ನೆ, ಕತ್ತು, ಕಿವಿಯ ಹಿಂದೆಯೂ ಬಿಡದೆ ಹಚ್ಚಿದಳು, ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಬಿಳಿ ಪುಡಿ ಪುಸ್ತಕದ ಮೇಲೂ ಉದುರಿತು. ಹುಡುಗಿ ಅದನ್ನು ಸ್ಕರ್ಟಿನ ಅಂಚಿನಿಂದ ಮೆಲ್ಲಗೆ ಒರೆಸಿ, ಆ ಮುಖ ಮೊದಲಿನಂತಾಗುವವರೆಗೆ ಬಿಡಲಿಲ್ಲ. ಆಮೇಲೆ ತಾಯಿಯನ್ನು ನೋಡಿದಳು.

"ಅಮ್ಮಾ, ಇವಳು ನಮ್ಮನೇಲಿ ಹುಟ್ಟಿದ್ರೆ ಇವಳಿಗೂ ಹಚ್ತಿದ್ಯಾ?"