ಕುಬೇರಪ್ಪನ ಟಾಕಿಗೆ ಬಂದ ಮೀನು

ಆಶಾ ಕಾರ್ಯಕರ್ತೆ ರುಬಿಯಾ ತಂದ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಣುಕಿದ್ದೇ ತಡ, ಕುಬೇರಪ್ಪ ಕೊರಳಿನ ಲಿಂಗ ಹಿಡಿದುಕೊಂಡು ಹಿಂದೆ ಸರಿದ. ಒಳಗೆ ಉಗುರಿನಷ್ಟುದ್ದದ ಹತ್ತಾರು ಮೀನು.

"ಏನ ಬೇ, ಲಿಂಗವಂತರ ಮನಿಗೆ ಮೀನ ತರ್ತಿ?"

"ತಿನ್ನಾಕ ಅಲ್ರಿ ಕಾಕಾ, ಟಾಕಿಗೆ ಬಿಡಾಕ. ನೀರಾಗಿನ ಸೊಳ್ಳಿ ಮರಿ ತಿಂತಾವ್ರಿ. ನಿಮ್ಮ ಮೊಮ್ಮಗಗ ಮಲೇರಿಯಾ ಬಂದು ಹೋತು. ಇನ್ನೊಮ್ಮಿ ಬಂದ್ರ ಕೂಸು ತಡಿಯಂಗಿಲ್ಲ."

ಒಳಗೆ ಮೊಮ್ಮಗ ಈರೇಶ ಕೌದಿಯಲ್ಲಿ ಮುದುಡಿ ಮಲಗಿದ್ದ. ಮಾತ್ರೆಗೆ ಜ್ವರವೇನೋ ಇಳಿದಿತ್ತು, ಎದ್ದು ನಿಂತರೆ ಕಾಲು ನಡುಗುತ್ತಿತ್ತು. ಅಂಗಳದ ಸಿಮೆಂಟ್ ಟಾಕಿಯಲ್ಲಿ ಸೊಳ್ಳೆ ಮರಿಗಳು ಮಾತ್ರ ಮಸ್ತಾಗಿ ಕುಣಿಯುತ್ತಿದ್ದವು.

"ಹುಳಾ ತಿಂತಾವಂದ್ರ ಅವು ಮಾಂಸಾಹಾರಿ ಆದ್ವಲ್ಲ?" ವಾದ ಗೆದ್ದವನಂತೆ ಕುಬೇರಪ್ಪ ಮೀಸೆ ಸವರಿಕೊಂಡ. "ಮೊದಲ ಮೀನ, ಅದರಾಗ ಮಾಂಸಾ ತಿನ್ನೂ ಮೀನ. ಡಬಲ್ ಮೈಲಿಗಿ. ನಮ್ಮ ಮನಿತನದಾಗ ಬೇವಿನ ಹೊಗಿ ಹಾಕೂದು. ನಮ್ಮಪ್ಪ ಅದ ಹೊಗಿಯೊಳಗ ತೊಂಬತ್ತ ವರ್ಷ ಬದುಕಿದ."

"ಕೆಮ್ಮಿಕೋಂತ ಬದುಕಿದ್ರು ಅಂತ ಅತ್ತಿ ಹೇಳ್ತಿದ್ರು," ಎಂದಳು ಬಾಗಿಲಲ್ಲಿ ನಿಂತಿದ್ದ ಸೊಸೆ ಮಹಾನಂದಾ. "ಅಲ್ರಿ ಮಾವಾರ, ಸೊಳ್ಳಿ ನಿಮ್ಮ ಮೊಮ್ಮಗನ ರಕ್ತಾನ ಕುಡದ್ವಲ್ಲ. ಅವಕ್ಕೇನಂತೀರಿ?"

"ಅವು ಹೊರಗಿನವು. ನಾವೇನ ಕರದು ತಂದೇವೇನ?"

"ಹೊರಗಿನವು ಎಲ್ಲಿವ್ರಿ? ನಿಮ್ಮ ಟಾಕಿಯಾಗ ಹುಟ್ಟಿ ಬೆಳದಾವು. ಮನಿ ಮಕ್ಕಳಾ ಅವು."

ಅಷ್ಟು ಹೇಳಿದವಳೇ ರುಬಿಯಾಳ ಕೈಯಿಂದ ಡಬ್ಬಿ ತೆಗೆದುಕೊಂಡು ಟಾಕಿಗೆ ಸುರಿದುಬಿಟ್ಟಳು.

ಕುಬೇರಪ್ಪ ಹೌಹಾರಿದ. ಟಾಕಿ ಖಾಲಿ ಮಾಡಿಸೋಣವೆಂದರೆ ನಳ ಬರುವುದು ಇನ್ನು ಮುಂದಿನ ವಾರ. ಬಾಜು ಮನೆಯಲ್ಲಿ ನೀರು ಕೇಳೋಣವೆಂದರೆ, ಆ ಲಿಂಗವಂತರೂ ತಮ್ಮ ಟಾಕಿಗೆ ಇಂಥವೇ ಮೀನು ತಂದು ಬಿಟ್ಟು ಆಗಲೇ ತಿಂಗಳಾಗಿತ್ತು. ಮಧ್ಯಾಹ್ನದ ತನಕ ಬಾಯಿ ಒಣಗಿಸಿಕೊಂಡು ಕಟ್ಟೆಯ ಮೇಲೆ ಕೂತ.

ಕೊನೆಗೆ ಮಡಿ ಧೋತರದ ತುದಿಯನ್ನು ತಂಬಿಗೆಯ ಬಾಯಿಗೆ ಹಿಡಿದು ನೀರು ಸೋಸಿಕೊಂಡ. ಬಟ್ಟೆಯ ಮೇಲೆ ಸೊಳ್ಳೆ ಮರಿಗಳು ಒದ್ದಾಡಿದವು. ಜೀವಹಿಂಸೆ ಆಗಬಾರದಲ್ಲ! ಬಟ್ಟೆಯನ್ನು ಮೆಲ್ಲಗೆ ಟಾಕಿಯೊಳಗೇ ಜಾಡಿಸಿದ.

ಈಗ ದಿನಾ ಅವನ ನೆರಳು ನೀರಿಗೆ ಬಿದ್ದರೆ ಸಾಕು, ಮೀನುಗಳು ಸರಸರ ಮೇಲೆ ಬಂದು ಬಾಯಿ ತೆರೆದು ನಿಲ್ಲುತ್ತವೆ.