ಚಂದ್ರನ ಕಬಡ್ಡಿ ತಂಡಕ್ಕೆ ಹೊಸ ಹುಡುಗಿ

ಕಳೆದ ಯುಗಾದಿಗೆ ರೇಡಿಗೆಂದು ನೆಗೆದ ನಾನು ಕೆಳಗಿಳಿದದ್ದು ದೀಪಾವಳಿಗೆ. ಅಲ್ಲಿಯವರೆಗೂ ಒಂದೇ ಉಸಿರಿನಲ್ಲಿ 'ಕಬಡ್ಡಿ, ಕಬಡ್ಡಿ' ಎನ್ನುತ್ತಿದ್ದೆ. ಚಂದ್ರನ ಮೇಲೆ ರೇಡರುಗಳೆಲ್ಲ ನೆಗೆಯುವವರೇ. ಆದರೆ ಅಂಕಣದ ಮೇಲಿನ ಗಾಜಿನ ಚಾವಣಿಯ ಧೂಳು ಒರೆಸಿ ಬರುವವಳು ನಾನೊಬ್ಬಳೇ.

ಅದಕ್ಕೇ ನಮಗೆ ಆಟ ಕಲಿಸುವ ಕಲ್ಲಪ್ಪ ಮಾಸ್ತರರು ನನ್ನನ್ನು ಕೇಳಿದ್ದು: "ದ್ಯಾಮವ್ವ, ಆ ಮಾಯವ್ವನ್ನ ತಂಡಕ್ಕ ತಗೊಳ್ಳೂಣೇನು? ಆಕಿ ಬಂದ್ರ ಹಳಬರೊಳಗ ಒಬ್ರು ಹೊರಗ ಕೂಡಬೇಕಾಗ್ತೈತಿ."

"ಬ್ಯಾಡ್ರೀ ಮಾಸ್ತರ! ಆಕಿ ನೆಗದ್ರ ಇಳಿಯೂದ ಇಲ್ಲ. ಮೊನ್ನಿ ಎದುರಿನವರು ಕಾದು ಕಾದು, ಅಂಕಣದಾಗ ಮಿರ್ಚಿ ಕರದು ತಿಂದು, ಒಂದು ನಿದ್ದಿನೂ ತಗದ್ರು. ನಾ ಕಣ್ಣಾರೆ ನೋಡೇನಿ!"

"ಹಂಗಾದ್ರ ನಾವೂ ನೋಡೂಣು," ಎಂದು ಅವರು ನನ್ನನ್ನೇ ಅವಳೆದುರು ನಿಲ್ಲಿಸಿದರು.

ನಾನು ತಲೆಯೆತ್ತಿ ಚಾವಣಿ ನೋಡುತ್ತ ಕಾದೆ. ಮಾಯವ್ವ ನೆಗೆಯಲೇ ಇಲ್ಲ. ನೆಲಕ್ಕೆ ಹೊಟ್ಟೆ ಹಚ್ಚಿ ಹಲ್ಲಿಯಂತೆ ಬಂದು, ನನ್ನ ಹಿಮ್ಮಡಿ ಮುಟ್ಟಿ, ಉಸಿರು ಬಿಡದೆ ಗೆರೆ ದಾಟಿದಳು. ಚಂದ್ರನ ಮೇಲೆ ಹೀಗೂ ಆಡಬಹುದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ! ತಂಡವೆಲ್ಲ ನಕ್ಕು ನಕ್ಕು ಮೇಲಕ್ಕೆ ತೇಲಿಹೋಯಿತು.

"ಅಕ್ಕಾ, ನಾ ಯಾವತ್ತೂ ನೆಗದಾಕಿನ ಅಲ್ಲ," ಎಂದಳು ಮಾಯವ್ವ ಧೂಳು ಕೊಡವುತ್ತ. "ನನಗ ಎತ್ತರ ಅಂದ್ರ ಅಂಜಿಕಿ."

ಮಾಸ್ತರರು ನನ್ನತ್ತ ತಿರುಗಿದರು. "ಕಣ್ಣಾರೆ ನೋಡೇನಿ ಅಂದ್ಯಲ್ಲ?"

"ಇಲ್ರೀ, ನೋಡಿಲ್ಲ. ಆಕಿ ಬಂದ್ರ ಹೋಗೂದು ನನ್ನ ಜಾಗಾನ ಅಲ್ರೀ? ನನಗೂ ಅಂಜಿಕಿ ಆತು, ಸುಳ್ಳು ಹೇಳಿದೆ." ಹಿಮ್ಮಡಿ ಇನ್ನೂ ಕಚಗುಳಿಯಿಡುತ್ತಿತ್ತು, ನನಗೂ ನಗು ತಡೆಯಲಾಗಲಿಲ್ಲ. "ಬರ್ಕೊಳ್ರಿ ಆಕಿ ಹೆಸರು."