ಹೊರಗಿನಿಂದ ಕೀಲಿ ಬಿದ್ದ ಮಧ್ಯಾಹ್ನ

ತುಕ್ಕು ಹಿಡಿದ ಕಬ್ಬಿಣದ ವಾಸನೆ ಬಂದರೆ ಇವತ್ತಿಗೂ ನನಗೆ ಪಂಚಾಯಿತಿ ಕಚೇರಿಯ ಆ ಕಿಟಕಿ ನೆನಪಾಗುತ್ತದೆ. ಬಬಲೇಶ್ವರದ ಹತ್ತಿರದ ನಮ್ಮೂರಿನ ಪಂಚಾಯಿತಿಗೆ ನನ್ನ ಅಜ್ಜಿ ಎರಡನೇ ಸಲ ಅಧ್ಯಕ್ಷೆಯಾಗಿದ್ದಳು. ಅವಳನ್ನು ನಾನು ಆಯಿ ಎನ್ನುತ್ತಿದ್ದೆ. ನಳಕ್ಕೆ ನೀರು ಬರುತ್ತಿಲ್ಲವೆಂದು ಸಿಟ್ಟಾದ ಹೆಣ್ಣುಮಕ್ಕಳು ಒಂದು ಮಧ್ಯಾಹ್ನ ಆಯಿ, ಕಾರ್ಯದರ್ಶಿ ಮತ್ತು ಆಯಿಯ ಜೊತೆ ಹೋಗಿದ್ದ ನಾನು ಕಚೇರಿಯ ಒಳಗಿರುವಾಗಲೇ ಬಾಗಿಲಿಗೆ ಕೀಲಿ ಹಾಕಿದರು. ತಗಡಿನ ಚಾವಣಿ ಕಾದು ಉಸಿರು ಕಟ್ಟುತ್ತಿತ್ತು. ನಾನು ಕಿಟಕಿಯ ಸರಳು ಹಿಡಿದು ಅಳತೊಡಗಿದೆ.

ಆಯಿ ನನ್ನ ಪಕ್ಕಕ್ಕೆ ಬಂದು ನಿಂತು ಕಿಟಕಿಯಾಚೆಯ ಹೆಣ್ಣುಮಕ್ಕಳನ್ನು ಕೇಳಿದಳು. “ಯವ್ವಾ, ನೀರು ಯಾವ ಓಣಿ ತನಕ ಬರತೈತಿ? ಮುಂದ ಯಾಕ ಬರವಲ್ದು?”

“ಕೇಳಿ ಏನ್ ಮಾಡ್ತಿ?” ಎಂದು ಹೊರಗಿನಿಂದ ಒಬ್ಬಳು ಚೀರಿದಳು.

“ಇಷ್ಟು ವರ್ಷ ಅಧ್ಯಕ್ಷರಾಗೀರಿ, ಇವರನ್ನೇನ್ ಕೇಳ್ತೀರ್ರಿ? ಪೊಲೀಸರಿಗೆ ಫೋನ್ ಮಾಡ್ತೀನಿ,” ಎಂದ ಕಾರ್ಯದರ್ಶಿ.

“ಬ್ಯಾಡ. ನನಗ ಗೊತ್ತಿಲ್ಲ, ಅದಕ್ಕ ಕೇಳಾಕತ್ತೇನಿ.”

ಅವಳು ಮತ್ತೆ ಕೇಳಿದಳು. ಉತ್ತರ ಬರುವವರೆಗೂ ಕಾದಳು. ಹೊರಗಿನ ಕೂಗಾಟ ನಿಧಾನವಾಗಿ ಮಾತಾಯಿತು. ನನಗೆ ಮಾತ್ರ ಬಾಯಿ ಒಣಗಿತ್ತು.

“ಆಯಿ, ಮನಿಗೆ ಹೋಗೂಣು.”

“ತಡಿ ಮಗಾ, ಇನ್ನ ಕೇಳೂದೈತಿ.”

ಬಿಸಿಲು ಇಳಿದ ಮೇಲೆ ಕೀಲಿ ತೆಗೆದರು. ನಾನು ಮನೆಯ ದಾರಿಗೆ ಓಡಲು ಹೊರಟೆ. ಆಯಿ ನನ್ನ ಕೈ ಬಿಡಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಆ ಚೀರಿದವಳ ಹಿಂದೆ ಅವಳ ಓಣಿಗೆ ನಡೆದಳು.